ಮೇಲಾದದ್ದೂ ತಕ್ಕದ್ದೂ

ಧರ್ಮಸಂಕಟವೆಂದ ಕೂಡಲೆ ನಮಗೆ ನೆನಪಾಗುವುದು ದೊಡ್ಡ ದೊಡ್ಡ ಸಂದರ್ಭಗಳೇ. ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿದ ಹರಿಶ್ಚಂದ್ರ, ಎರಡು ಸೇನೆಗಳ ನಡುವೆ ಬಿಲ್ಲನ್ನು ಕೆಳಗಿಟ್ಟ ಅರ್ಜುನ, ತಂದೆಯ ಮಾತಿಗೂ ತಾಯಿಯ ಪ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಪರಶುರಾಮ ಇವರೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಅಂಥ ಗಳಿಗೆಗಳು ನಮ್ಮ ನಿಮ್ಮಂಥವರ ಬಾಳಿನಲ್ಲಿ ಬರುವುದು ಅಪರೂಪ. ಬಾರದಿರುವುದೇ ಒಳ್ಳೆಯದು ಕೂಡ. ನಮ್ಮ ಪಾಲಿಗೆ ಬರುವ ಪ್ರಶ್ನೆಗಳು ಸಣ್ಣವು. ಸೊಪ್ಪಿನವಳೊಡನೆ ಐದು ರೂಪಾಯಿಗೆ ಚೌಕಾಸಿ ಮಾಡಬಹುದೇ, ಹಳೆಯ ಕೊಡೆಗೆ ಕಡ್ಡಿ ಹಾಕಿಸಬೇಕೇ ಹೊಸದನ್ನೇ ಕೊಳ್ಳಬೇಕೇ, ಇಂಥವು. ಸಣ್ಣವೆಂದು ನಾವು ಇವುಗಳ ವಿಷಯದಲ್ಲಿ ಯೋಚಿಸುವುದಿಲ್ಲ. ಆದರೆ ಮನುಷ್ಯನ ಸ್ವಭಾವ ರೂಪುಗೊಳ್ಳುವುದು ವರ್ಷಕ್ಕೊಮ್ಮೆ ಬರುವ ದೊಡ್ಡ ತೀರ್ಮಾನಗಳಿಂದಲ್ಲ, ದಿನಕ್ಕೆ ಹತ್ತು ಸಲ ಬರುವ ಇಂಥ ಚಿಲ್ಲರೆ ತೀರ್ಮಾನಗಳಿಂದ ಎಂದು ನನಗೆ ಅನ್ನಿಸುತ್ತದೆ. ಈಚೆಗೆ ನನ್ನ ಮುಂದೆ ಬಂದ ಪ್ರಶ್ನೆಯಂತೂ ಇವೆಲ್ಲಕ್ಕಿಂತ ಕೆಳಗಿನದು; ಅಂಗಾಲಿನಲ್ಲಿಯೇ ಇರುವಂಥದು. ಚಳಿಗಾಲಕ್ಕೆ ಮೆರಿನೋ ಉಣ್ಣೆಯ ಕಾಲುಚೀಲ ಮೇಲೋ, ಕಾಶ್ಮೀರ ಉಣ್ಣೆಯ ಕಾಲುಚೀಲ ಮೇಲೋ? ಓದುಗರು ನಗಬಹುದು. ನಕ್ಕ ಮೇಲೆ ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಬೆಂಗಳೂರಿನ ಚಳಿಗೆ ಒಂದು ಮಫ್ಲರು ಸಾಕು. ಕಾಲುಚೀಲದ ಜಾತಿ ವಿಚಾರಿಸುವ ಅಗತ್ಯವಿಲ್ಲ. ಆದರೆ ನನ್ನ ಅಕ್ಕ ಈಗ ಕೆನಡಾದ ವಿನ್ನಿಪೆಗ್ ನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ಜನವರಿಯ ರಾತ್ರಿಗಳಲ್ಲಿ ಶಾಖಮಾಪಕದ ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಆ ಊರಿನಲ್ಲಿ ದೊಡ್ಡ ಸುದ್ದಿಯಲ್ಲ. ಈ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಎರಡು ತಿಂಗಳು ಅಕ್ಕನ ಜೊತೆಯಲ್ಲಿರಬೇಕೆಂದು ನಾನು ನಿಶ್ಚಯಿಸಿದಾಗ ಅವಳ ಮಗ ದೂರವಾಣಿಯಲ್ಲಿ ಹೇಳಿದ: "ಮಾಮ, ಕೋಟಿನ ವಿಷಯ ನನಗೆ ಬಿಡಿ. ಇಲ್ಲಿ ಮೊದಲು ಚಳಿ ಹತ್ತುವುದು ಕಾಲಿಗೆ. ಮೆರಿನೋ ತರಲೋ ಕ್ಯಾಷ್ಮಿಯರ್ ತರಲೋ ಹೇಳಿ. ಅಮ್ಮನಿಗೂ ಒಂದು ಜೊತೆ ಬೇಕು. ಅವಳನ್ನು ಕೇಳಿದರೆ ಯಾವುದೂ ಬೇಡ ಅನ್ನುತ್ತಾಳೆ." ಎರಡರ ಬೆಲೆಯನ್ನೂ ಹೇಳಿದ. ಕಾಶ್ಮೀರ ಉಣ್ಣೆಯ ಬೆಲೆ ಮೆರಿನೋದ ಹಲವು ಪಟ್ಟು. ಕೊಳ್ಳಲಾರದಷ್ಟಲ್ಲ, ಯೋಚಿಸದೆ ಕೊಳ್ಳುವಷ್ಟೂ ಅಲ್ಲ. ಪ್ರಶ್ನೆಗಳು ಹುಟ್ಟುವುದು ಇಂಥ ಬೆಲೆಗಳಲ್ಲಿಯೇ.

ಮೊದಲು ವಸ್ತುವನ್ನು ತಿಳಿಯೋಣ. ಮೆರಿನೋ ಎಂಬುದು ಒಂದು ಕುರಿಯ ತಳಿ. ಸ್ಪೇನ್ ದೇಶದವರು ಇದನ್ನು ಬಹಳ ಕಾಲ ಹೊರಗೆ ಹೋಗಗೊಡದೆ ಕಾಪಾಡಿಕೊಂಡಿದ್ದರು; 18ನೆಯ ಶತಮಾನದಲ್ಲಿ ಕಟ್ಟು ಸಡಿಲವಾಗಿ, 1797ರಲ್ಲಿ ಅದು ಆಸ್ಟ್ರೇಲಿಯಾವನ್ನು ಮುಟ್ಟಿತು. ಇಂದು ನಯವಾದ ಉಣ್ಣೆಗೆ ಆ ದೇಶವೇ ತವರು. ಇದರ ಎಳೆಯ ದಪ್ಪ ಸಾಮಾನ್ಯವಾಗಿ 15ರಿಂದ 24 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70. ಎಳೆ 30 ಮೈಕ್ರಾನಿನಷ್ಟು ದಪ್ಪವಾದರೆ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ಕಡೆಯ ಕುರಿಯ ಕಂಬಳಿ ಚುಚ್ಚುವುದು ಈ ಕಾರಣದಿಂದಲೇ. ಮೆರಿನೋ ಎಳೆಗೆ ಹುಟ್ಟಿನಿಂದಲೇ ಬರುವ ಗುಂಗುರು ಹೆಚ್ಚು. ಆ ಗುಂಗುರಿನ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ; ನಿಂತ ಗಾಳಿಯೇ ನಮ್ಮ ನಿಜವಾದ ಹೊದಿಕೆ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಒದ್ದೆಯೆಂದು ತೋರುವುದಿಲ್ಲ. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಹಿಮದಲ್ಲಿ ನಡೆಯುವವನ ಕಾಲು ಬೂಟಿನೊಳಗೆ ಬೆವರುತ್ತದೆ, ನಿಂತಾಗ ಆ ಬೆವರೇ ತಣ್ಣಗಾಗಿ ಕೊರೆಯುತ್ತದೆ. ಹತ್ತಿಯ ಚೀಲಕ್ಕೆ ಅಲ್ಲಿ ಬೆಲೆಯಿಲ್ಲದಿರುವುದೂ ಉಣ್ಣೆಗೆ ಬೆಲೆಯಿರುವುದೂ ಇದರಿಂದ.

ಕಾಶ್ಮೀರ ಉಣ್ಣೆ ಕುರಿಯದಲ್ಲ, ಮೇಕೆಯದು. ಕಾಶ್ಮೀರ ಕಣಿವೆಯದೂ ಅಲ್ಲ. ಲಡಾಖಿನ ಚಾಂಗ್‌ಥಾಂಗ್, ಟಿಬೆಟ್, ಮಂಗೋಲಿಯ, ಚೀನದ ಉತ್ತರ ಸೀಮೆ ಇಂಥ ಕಡುಚಳಿಯ ಎತ್ತರಗಳಲ್ಲಿ ಮೇಕೆಯ ಒರಟು ಕೂದಲಿನ ಅಡಿಯಲ್ಲಿ ಚಳಿಗಾಲಕ್ಕೆಂದು ಒಂದು ಮೃದುವಾದ ಒಳತುಪ್ಪಳ ಹುಟ್ಟುತ್ತದೆ. ಚಳಿ ಕಳೆದಾಗ ಅದು ತಾನಾಗಿ ಉದುರುವ ಹೊತ್ತಿಗೆ ಚಾಂಗ್‌ಪಾ ಜನ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಅದನ್ನು ನೂತು ನೇದು ಲೋಕಕ್ಕೆ ತೋರಿಸಿದವರು ಕಾಶ್ಮೀರದವರಾದುದರಿಂದ ಹೆಸರು ಅವರದಾಯಿತು. ಲಡಾಖಿನ ಪಶ್ಮೀನ ಎಳೆಯ ದಪ್ಪ 12ರಿಂದ 15 ಮೈಕ್ರಾನ್. ಮುಟ್ಟಿದರೆ ಮುಟ್ಟಿದ ಹಾಗೇ ಇರುವುದಿಲ್ಲ. ಆದರೆ ಈ ಎಳೆ ಗಿಡ್ಡ. ಹೊಸೆದ ನೂಲಿನಲ್ಲಿ ಮೆರಿನೋ ಎಳೆಯಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಉಜ್ಜಿದರೆ ಗಂಟು ಗಂಟಾಗಿ ಏಳುತ್ತದೆ. ಹಿಮ್ಮಡಿಯಲ್ಲಿಯೂ ಹೆಬ್ಬೆರಳಿನಲ್ಲಿಯೂ ಬೇಗ ಸವೆಯುತ್ತದೆ.

ಹಾಗಾದರೆ ಯಾವುದು ಮೇಲು? ಕೈಯಲ್ಲಿ ಹಿಡಿದು ನೋಡಿದರೆ ಕಾಶ್ಮೀರ ಉಣ್ಣೆಯೇ ಮೇಲು, ಅದರಲ್ಲಿ ವಾದವಿಲ್ಲ. ಆದರೆ ನಾನು ಕೊಳ್ಳುತ್ತಿರುವುದು ಕೈಯಲ್ಲಿ ಹಿಡಿದು ನೋಡುವುದಕ್ಕಲ್ಲ, ಕಾಲಿಗೆ ಹಾಕಿಕೊಂಡು ನಡೆಯುವುದಕ್ಕೆ. ಇಲ್ಲಿ ನನಗೆ ನೆನಪಾಗುವವನು ಕ್ಷೇಮೇಂದ್ರ. ಹನ್ನೊಂದನೆಯ ಶತಮಾನದ ಈ ಕವಿ ಕಾಶ್ಮೀರದವನೇ. ಕಾವ್ಯಕ್ಕೆ ಪ್ರಾಣವಾವುದೆಂದು ಉಳಿದವರು ರಸ ರೀತಿ ಧ್ವನಿ ಎಂದು ಚರ್ಚಿಸಿದರೆ ಇವನು ಔಚಿತ್ಯವೆಂದ. ಒಡವೆ ಎಷ್ಟೇ ಬೆಲೆಯುಳ್ಳದ್ದಾದರೂ ತನ್ನ ಸ್ಥಾನದಲ್ಲಿದ್ದರೆ ಮಾತ್ರ ಒಡವೆ. ಡಾಬನ್ನು ಕೊರಳಿಗೂ ಕಾಲ್ಗೆಜ್ಜೆಯನ್ನು ಕೈಗೂ ಕಟ್ಟಿಕೊಂಡರೆ ಜನ ನಗುತ್ತಾರೆ ಎಂಬುದು ಅವನ ಅಭಿಪ್ರಾಯ. ಅವನು ಹೇಳಿದ್ದು ಕಾವ್ಯಕ್ಕಾದರೂ ಮಾತು ಕಾಲುಚೀಲಕ್ಕೂ ಸಲ್ಲುತ್ತದೆ. ಮೇಲಾದದ್ದು ಬೇರೆ, ತಕ್ಕದ್ದು ಬೇರೆ. ‘ಮೇಲು’ ಎಂಬುದು ವಸ್ತುವಿನೊಳಗೇ ಇರುವ ಗುಣವಾದರೆ, ‘ತಕ್ಕದ್ದು’ ಎಂಬುದು ವಸ್ತುವಿಗೂ ಅದರ ಕೆಲಸಕ್ಕೂ ಇರುವ ಸಂಬಂಧ. ನಮ್ಮ ರೈತ ಇದನ್ನು ಅಲಂಕಾರಶಾಸ್ತ್ರ ಓದದೆಯೇ ಬಲ್ಲ. ಚುಚ್ಚುವ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಜಡಿಮಳೆಯಲ್ಲಿ ಹೊಲದ ಬದುವಿನ ಮೇಲೆ ನಿಂತವನಿಗೆ ಪಶ್ಮೀನ ಶಾಲು ಕೊಟ್ಟು ನೋಡಿ. ಅವನು ಅದನ್ನು ಮಡಿಸಿ ನಮಗೇ ಹಿಂದಕ್ಕೆ ಕೊಟ್ಟಾನು.

ಇಷ್ಟು ಯೋಚಿಸಿದ ಮೇಲೆ ನನ್ನ ಮಟ್ಟಿಗೆ ಮೆರಿನೋ ಎಂದು ತೀರ್ಮಾನಿಸುವುದು ಸುಲಭವಾಯಿತು. ಕಾಲು ನಮ್ಮ ದೇಹದ ಕೂಲಿಯಾಳು. ಇಡೀ ಮೈಯ ಭಾರ ಹೊತ್ತು ದಿನವೆಲ್ಲ ತಿಕ್ಕಾಟಕ್ಕೆ ಸಿಕ್ಕುವ ಅಂಗಕ್ಕೆ ತಾಳಿಕೆಯುಳ್ಳ ಬಟ್ಟೆಯೇ ತಕ್ಕದ್ದು. ಆದರೆ ತೀರ್ಮಾನ ಇಷ್ಟು ಸುಲಭವಾಗಿ ಬಂದಾಗ ಅದರ ಬೆನ್ನ ಹಿಂದೆ ಏನಿದೆಯೆಂದು ಒಮ್ಮೆ ನೋಡುವುದು ಒಳ್ಳೆಯದು. ಔಚಿತ್ಯವೆಂಬ ದೊಡ್ಡ ಮಾತಿನ ಹಿಂದೆ ಬರಿಯ ಜಿಪುಣತನ ಅಡಗಿರಬಹುದಲ್ಲ? ಅಥವಾ ಜಿಪುಣತನಕ್ಕಿಂತಲೂ ಹಳೆಯದಾದ ಒಂದು ಭಾವನೆ: ಕಾಲು ಕೀಳು, ಕೀಳಾದದ್ದಕ್ಕೆ ಒಳ್ಳೆಯದು ಬೇಡ ಎಂಬುದು? ನಮ್ಮಲ್ಲಿ ಕಾಲಿನ ವಿಷಯದಲ್ಲಿ ಒಂದು ವಿಚಿತ್ರವಾದ ದ್ವಂದ್ವವಿದೆ. ಕಾಲು ತಗುಲಿದರೆ ಅಪಚಾರ. ಆದರೆ ಹಿರಿಯರಿಗೆ ನಮಸ್ಕರಿಸುವುದು ಕಾಲಿಗೇ. ಅಣ್ಣನ ಪಾದುಕೆಗಳನ್ನು ಭರತ ಸಿಂಹಾಸನದ ಮೇಲಿಟ್ಟ. ಪೂಜೆಗೆ ಪಾದ ಬೇಕು, ಉಪಚಾರಕ್ಕೆ ಮಾತ್ರ ಅದು ಕಡೆಯದು. ದುಡಿಯುವವರನ್ನು ನಾವು ಕಾಣುವ ರೀತಿಯೂ ಹೆಚ್ಚು ಕಡಮೆ ಹೀಗೆಯೇ. ಆದ್ದರಿಂದ ಮೆರಿನೋ ಸಾಕೆನ್ನುವುದಕ್ಕೆ ಕಾಲಿನ ಕೀಳ್ತನ ಕಾರಣವಾಗಕೂಡದು. ಅದರ ದುಡಿಮೆ ಕಾರಣವಾಗಬೇಕು. ಎರಡೂ ಒಂದೇ ಬಟ್ಟೆಯನ್ನು ಕೊಡಿಸಿದರೂ ಎರಡೂ ಒಂದೇ ಮನಸ್ಸಲ್ಲ.

ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ತಕ್ಕದ್ದು ಎಂದೆನಲ್ಲ, ಯಾರಿಗೆ ತಕ್ಕದ್ದು? ನನ್ನ ಕಾಲಿಗೆ ಮಾತ್ರವೇ? ಆ ಉಣ್ಣೆಯನ್ನು ಬೆಳೆದ ಪ್ರಾಣಿಯೂ ಅದು ಮೇಯ್ದ ನೆಲವೂ ಈ ಲೆಕ್ಕದಲ್ಲಿ ಸೇರಬೇಡವೇ?

ಒಂದು ಮೇಕೆ ಒಂದು ವರ್ಷಕ್ಕೆ ಕೊಡುವ ತುಪ್ಪಳ, ಒರಟು ಕೂದಲನ್ನು ಬೇರ್ಪಡಿಸಿದ ಮೇಲೆ, ಸುಮಾರು 150ರಿಂದ 200 ಗ್ರಾಂ. ದಪ್ಪನಾದ ಕಾಲುಚೀಲ ಎರಡು ಜೊತೆಯಾದರೆ ಹೆಚ್ಚು. ಮೆರಿನೋ ಕುರಿಯ ಒಂದು ವರ್ಷದ ಉಣ್ಣೆ ನಾಲ್ಕೈದು ಕಿಲೋ. ಜಿಡ್ಡು ಮಣ್ಣು ತೊಳೆದು ಉಳಿದದ್ದು ಒಂದು ತುಂಬಿದ ಮನೆಯ ಎಲ್ಲರ ಕಾಲಿಗೂ ಆಗಿ ಮಿಕ್ಕೀತು. ಹಿಂದಿನವರು ಈ ಅಪರೂಪವನ್ನು ಅಪರೂಪದಂತೆಯೇ ಕಂಡರು. 1846ರಲ್ಲಿ ಅಮೃತಸರದ ಒಪ್ಪಂದದಂತೆ ಕಾಶ್ಮೀರವನ್ನು ಪಡೆದ ಗುಲಾಬ್ ಸಿಂಗ್ ಇಂಗ್ಲಿಷರಿಗೆ ವರ್ಷ ವರ್ಷವೂ ಒಪ್ಪಿಸಬೇಕಾಗಿದ್ದ ಕಾಣಿಕೆಯೆಂದರೆ ಒಂದು ಕುದುರೆ, ಶಾಲಿನ ಉಣ್ಣೆ ಕೊಡುವ ಹನ್ನೆರಡು ಮೇಕೆಗಳು, ಮೂರು ಜೊತೆ ಶಾಲು. ಒಂದು ರಾಜ್ಯದ ಕಪ್ಪದಲ್ಲಿ ಮೇಕೆಗೆ ಜಾಗ ಸಿಕ್ಕಿತೆಂದರೆ ಅದರ ಬೆಲೆ ತಿಳಿಯುತ್ತದೆ. ಅಂಥ ಶಾಲು ಅಜ್ಜಿಯ ಪೆಟ್ಟಿಗೆಯಿಂದ ಮೊಮ್ಮಗಳ ಹೆಗಲಿಗೆ ಬರುವಷ್ಟು ಕಾಲ ಬಾಳುತ್ತಿತ್ತು. ಒಂದು ಮೇಕೆಯ ವರ್ಷದ ಚಳಿಯನ್ನು ಮೂರು ತಲೆಮಾರು ಹೊದ್ದುಕೊಂಡರೆ ಅದು ಋಣವನ್ನು ತಿಳಿದು ಉಪಯೋಗಿಸಿದಂತೆ. ಅದನ್ನೇ ಬೂಟಿನೊಳಗೆ ತುಳಿದು ಒಂದು ಚಳಿಗಾಲದಲ್ಲಿ ಸವೆಯಿಸಿದರೆ?

ನನ್ನ ಒಂದು ಜೊತೆಯಿಂದ ಲೋಕ ಮುಳುಗುವುದಿಲ್ಲವೆನ್ನಿ. ಆದರೆ ಹೀಗೆಯೇ ಕೋಟಿ ಜನ ಅಂದುಕೊಂಡಾಗ ಏನಾಗುತ್ತದೆಂಬುದನ್ನು ಮಂಗೋಲಿಯ ದೇಶ ಕಂಡಿದೆ. 1990ರ ಸುಮಾರಿಗೆ ಅಲ್ಲಿ ಮೇಕೆಗಳಿದ್ದುದು 50 ಲಕ್ಷದಷ್ಟು. ಸಮೂಹ ಪದ್ಧತಿ ಮುರಿದು ಮಂದೆಗಳು ಒಡೆಯರ ಕೈಸೇರಿ, ಹೊರದೇಶಗಳಲ್ಲಿ ಕಾಶ್ಮೀರ ಉಣ್ಣೆಗೆ ಬೇಡಿಕೆ ಏರಿದಂತೆಲ್ಲ ಸಂಖ್ಯೆ ಬೆಳೆದು 2018ರ ಹೊತ್ತಿಗೆ 2 ಕೋಟಿ 70 ಲಕ್ಷದಷ್ಟಾಯಿತು. ಮೇಕೆ ಹುಲ್ಲನ್ನು ಬುಡದವರೆಗೂ ಮೇಯುತ್ತದೆ. ಮಳೆಯ ಕ್ರಮ ಕೆಟ್ಟು ಸೆಕೆ ಏರಿದುದೂ ಇದರೊಡನೆ ಸೇರಿ ಹುಲ್ಲುಗಾವಲಿನ ಬಹುಭಾಗ ಬಡವಾಯಿತು. ಬೇಸಗೆಯಲ್ಲಿ ಹೊಟ್ಟೆ ತುಂಬದ ಪ್ರಾಣಿ ಚಳಿಗಾಲವನ್ನು ದಾಟಲಾರದು. ಅಲ್ಲಿಯವರು ‘ಜುಡ್’ ಎಂದು ಕರೆಯುವ ಕಡುಚಳಿಗಾಲ 2009-10ರಲ್ಲಿ ಬಂದಾಗ ಕುರಿ, ಮೇಕೆ, ದನ, ಕುದುರೆಗಳೆಲ್ಲ ಸೇರಿ 80 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಮಂದೆ ಕಳೆದುಕೊಂಡವರು ಗುಳೆ ಎದ್ದು ರಾಜಧಾನಿಯ ಅಂಚಿಗೆ ಬಂದು ಗುಡಾರ ಹಾಕಿದರು. ನಮ್ಮ ಕಾಲನ್ನು ಬೆಚ್ಚಗಿಡುವ ತುಪ್ಪಳ ಬೆಳೆಯುವ ಪ್ರಾಣಿಯೇ ಚಳಿಯಿಂದ ಸತ್ತಿತೆಂಬುದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೆ ಏನನ್ನೂ ಓದಲಾಗಲಿಲ್ಲ.

ಆದ್ದರಿಂದ ಮೆರಿನೋ ನಿರ್ದೋಷಿ ಎಂದುಕೊಳ್ಳೋಣವೇ? ಅದೂ ಇಲ್ಲ. ಹೆಚ್ಚು ಉಣ್ಣೆ ಬೇಕೆಂದು ಮನುಷ್ಯ ಈ ಕುರಿಯ ಚರ್ಮವನ್ನು ಸುಕ್ಕು ಸುಕ್ಕಾಗುವಂತೆ ತಳಿ ಬೆಳೆಸಿದ. ಹಿಂಭಾಗದ ಸುಕ್ಕುಗಳಲ್ಲಿ ಮೂತ್ರ ಸಗಣಿ ನಿಂತು, ನೊಣ ಮೊಟ್ಟೆಯಿಟ್ಟು, ಹುಳು ಹುಟ್ಟಿ ಜೀವಂತ ಕುರಿಯ ಮಾಂಸವನ್ನು ತಿನ್ನುತ್ತವೆ. ಅದನ್ನು ತಡೆಯಲು ಮರಿಯ ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವ ಪದ್ಧತಿ ಆಸ್ಟ್ರೇಲಿಯಾದಲ್ಲಿ 1930ರ ದಶಕದಿಂದ ಬಂದಿದೆ. ನ್ಯೂಜಿಲೆಂಡ್ 2018ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿತು. ಈ ಕ್ರಮವಿಲ್ಲದೆ ಪಡೆದ ಉಣ್ಣೆಯೆಂದು ಹೇಳಿ ಮಾರುವವರೂ ಇದ್ದಾರೆ. ಸುಕ್ಕಿಲ್ಲದ ತಳಿಯನ್ನು ಬೆಳೆಸುವವರೂ ಇದ್ದಾರೆ. ಕೊಳ್ಳುವವನು ವಿಚಾರಿಸಿದರೆ ಸಿಕ್ಕುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ಸ್ನೇಹಿತರು ಅಂದರು: "ಹಾಗಾದರೆ ಯಾವುದರಲ್ಲಿಯೂ ಪುಣ್ಯವಿಲ್ಲ. ಎಲ್ಲದರಲ್ಲಿಯೂ ಯಾರದೋ ಕಣ್ಣೀರಿದೆ. ಸುಮ್ಮನೆ ನಿಮಗೆ ಇಷ್ಟವಾದದ್ದನ್ನು ಕೊಂಡು ಹಾಕಿಕೊಳ್ಳಿ ಸ್ವಾಮಿ." ಈ ಮಾತು ಈಗ ಎಲ್ಲ ಕಡೆಯೂ ಕೇಳಿಬರುತ್ತದೆ, ಕೇಳಲು ಜ್ಞಾನದಂತೆಯೂ ಇದೆ. ನನಗಾದರೋ ಇದು ಸೋಮಾರಿತನವೇ ಜ್ಞಾನದ ಶಾಲು ಹೊದ್ದು ಬಂದಂತೆ ಕಾಣುತ್ತದೆ. ಎಲ್ಲ ದಾರಿಯಲ್ಲಿಯೂ ಧೂಳಿದೆಯೆಂದು ಯಾರೂ ಕೆಸರಿನ ದಾರಿಯನ್ನೇ ಆರಿಸಿಕೊಳ್ಳುವುದಿಲ್ಲ. ದೋಷವಿಲ್ಲದ ಆಯ್ಕೆ ಇಲ್ಲವೆಂಬುದು ನಿಜ; ಹೆಚ್ಚು ಕಡಮೆಯಿಲ್ಲವೆಂಬುದು ಸುಳ್ಳು. ಇನ್ನೊಂದು ಮಾತನ್ನೂ ಮರೆಯಬಾರದು. ನಾನು ಕಾಶ್ಮೀರ ಉಣ್ಣೆಯನ್ನು ಮುಟ್ಟುವುದೇ ಇಲ್ಲವೆಂದು ಪ್ರತಿಜ್ಞೆ ಮಾಡಿದರೆ ಚಾಂಗ್‌ಥಾಂಗಿನಲ್ಲಿ 14,000 ಅಡಿಯ ಎತ್ತರದಲ್ಲಿ ಗುಡಾರ ಹಾಕಿಕೊಂಡು ಮೇಕೆ ಕಾಯುವವನ ಒಲೆ ಉರಿಯುವುದು ಹೇಗೆ? ಅಲ್ಲಿ ಉಳುವ ನೆಲವಿಲ್ಲ. ಅವನ ಕೈಗೆ ಕಾಸು ಬರುವುದು ಆ ತುಪ್ಪಳದಿಂದ. ಅವನಿಗೆ ಬೇಕಾದದ್ದು ನನ್ನ ವ್ರತವಲ್ಲ. ಹತ್ತು ಅಗ್ಗದ ಜೊತೆಗಳನ್ನು ಕೊಂಡು ಎಸೆಯುವ ನನ್ನ ಚಪಲವೂ ಅಲ್ಲ. ಒಂದೇ ಒಂದನ್ನು ನ್ಯಾಯವಾದ ಬೆಲೆಗೆ ಕೊಂಡು ಅದನ್ನು ಬಹುಕಾಲ ಬಾಳಿಸುವ ಕೊಳ್ಳುಗ ಅವನಿಗೆ ಬೇಕು.

ಹೀಗೆ ನಾನು ಪೂರ್ತಿಯಾಗಿ ಮೆರಿನೋ ಪಕ್ಷಕ್ಕೆ ಸೇರಿಬಿಡುತ್ತಿದ್ದೆನೋ ಏನೋ. ಆದರೆ ಕೊಳ್ಳಬೇಕಾದದ್ದು ಎರಡು ಜೊತೆ. ಎರಡನೆಯದು ಅಕ್ಕನಿಗೆ.

ಅಕ್ಕನಿಗೆ ಈಗ ಎಂಬತ್ತೊಂದು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದಂದಿನಿಂದ ನಡಿಗೆ ಇಲ್ಲ. ಹಾಸಿಗೆಯಿಂದ ಗಾಲಿಕುರ್ಚಿ, ಕುರ್ಚಿಯಿಂದ ಹಾಸಿಗೆ. ಮನೆಯೊಳಗೆ ಶಾಖದ ವ್ಯವಸ್ಥೆಯಿದ್ದರೂ ಅವಳ ಪಾದ ಮಾತ್ರ ಸದಾ ತಣ್ಣಗೆ. ರಕ್ತ ಅಲ್ಲಿಯವರೆಗೆ ಸರಿಯಾಗಿ ಓಡುವುದಿಲ್ಲ. ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಾಗಿ ಒರಟು ಬಟ್ಟೆ ತಗುಲಿದರೆ ಕೆಂಪಾಗುತ್ತದೆ. ಅವಳೊಡನೆ ನಾನೇ ಮಾತನಾಡಿದೆ.

"ನಿನಗೆ ಕಾಶ್ಮೀರದ್ದು ತರಿಸುತ್ತೇನೆ ಅಕ್ಕ."

"ಯಾಕೋ, ನಿನಗೇನು ದುಡ್ಡು ಹೆಚ್ಚಾಗಿದೆಯೇ? ನಡೆಯದ ಕಾಲಿಗೆ ಅಷ್ಟು ಬೆಲೆಯದ್ದು ಏತಕ್ಕೆ? ಯಾರು ನೋಡುತ್ತಾರೆ? ಹಳೆಯ ಸೀರೆ ಸುತ್ತಿಕೊಂಡರೆ ಆಯಿತು."

ಅಕ್ಕ ಎಂದಿನಿಂದಲೂ ಹೀಗೆಯೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಡೆಸಿದವಳು ಅವಳೊಬ್ಬಳು. ಅಷ್ಟೇ ಅಲ್ಲ, ತನ್ನ ಕಾಲನ್ನು ಮಡಿಸಿಕೊಂಡು ಹಾಸಿಗೆಯನ್ನು ನಮಗೆಲ್ಲ ಬಿಟ್ಟವಳು. ಬಿಸಿ ದೋಸೆ ನಮ್ಮ ಎಲೆಗೆ, ಹರಿದದ್ದು ಅವಳ ತಟ್ಟೆಗೆ. ಹೊಸ ಕಂಬಳಿ ತಮ್ಮಂದಿರಿಗೆ, ತೇಪೆ ಹಾಕಿದ್ದು ಅವಳಿಗೆ. ನಾವು ಅದನ್ನು ಅವಳ ಗುಣವೆಂದು ಹೊಗಳಿದೆವು. ಹೊಗಳಿದ್ದರಿಂದ ನಮಗೆ ಬಹಳ ಅನುಕೂಲವಾಯಿತು.

ಈಗ ನನ್ನ ವಾದಗಳನ್ನೆಲ್ಲ ಅವಳ ಕಾಲಿಗೆ ಹಚ್ಚಿ ನೋಡಿದೆ. ಒಂದೊಂದಾಗಿ ಎಲ್ಲವೂ ತಿರುಗಿ ನಿಂತವು. ಕಾಶ್ಮೀರ ಉಣ್ಣೆ ತಿಕ್ಕಾಟಕ್ಕೆ ತಾಳದು; ಅವಳ ಕಾಲಿಗೆ ತಿಕ್ಕಾಟವಿಲ್ಲ. ಬೂಟಿನಲ್ಲಿ ಸವೆಯುತ್ತದೆ, ಅವಳಿಗೆ ಬೂಟಿಲ್ಲ. ಒಂದೇ ಚಳಿಗಾಲಕ್ಕೆ ಮುಗಿಯುತ್ತದೆ. ಅವಳ ಹತ್ತಿರ ಅದು ಹಲವು ಚಳಿಗಾಲ ಬಾಳುತ್ತದೆ, ಬಾಳಲಿ. ನನ್ನ ಕಾಲಿಗೆ ವಿಲಾಸವಾಗುವ ಮೃದುತ್ವ ಅವಳ ಕಾಲಿಗೆ ಅಗತ್ಯ. ‘ಯಾರು ನೋಡುತ್ತಾರೆ’ ಎಂದಳಲ್ಲ, ಅದೇ ಸರಿಯಾದ ಕಾರಣ. ಯಾರೂ ನೋಡದ ಕಡೆ, ಒಂದು ಜೀವದ ನೆಮ್ಮದಿಗೆ ಮಾತ್ರವಾಗಿ ಇರುವಾಗ ಬೆಲೆಯುಳ್ಳ ವಸ್ತುವಿಗೆ ಆಡಂಬರದ ಸೋಂಕೇ ಇರುವುದಿಲ್ಲ. ನನಗೆ ಮೆರಿನೋ, ಅವಳಿಗೆ ಕಾಶ್ಮೀರದ್ದು, ಹಿಡಿ ಬಿಗಿಯಿಲ್ಲದಂತೆ ಸಡಿಲವಾಗಿ ಹೆಣೆದದ್ದು ಎಂದು ಅವಳ ಮಗನಿಗೆ ತಿಳಿಸಿದೆ.

ಇದರಿಂದ ನನಗೆ ತೋಚಿದ್ದು ಇಷ್ಟು. ತಕ್ಕದ್ದು ಎಂಬ ಮಾತನ್ನು ನಾವು ಯಾವಾಗಲೂ ‘ಕಡಮೆ’ ಎಂಬ ಅರ್ಥದಲ್ಲಿಯೇ ಬಳಸುತ್ತ ಬಂದಿದ್ದೇವೆ. ಇದ್ದುದರಲ್ಲಿ ಸಾಕುಮಾಡಿಕೋ ಎನ್ನುವುದಕ್ಕೆ ಅದು ಗೌರವದ ಮಾತು. ಆದರೆ ಔಚಿತ್ಯ ಎರಡು ಕಡೆಗೂ ತೂಗುತ್ತದೆ. ಕೆಲವರಿಗೆ, ಕೆಲವು ಸಮಯದಲ್ಲಿ, ಮೇಲಾದದ್ದೇ ತಕ್ಕದ್ದು. ಮತ್ತೊಂದು ಸಂಗತಿ: ಸರಳತೆ ತನಗೆ ತಾನು ಹಾಕಿಕೊಳ್ಳಬಹುದಾದ ನಿಯಮ, ಇನ್ನೊಬ್ಬರ ಮೇಲೆ ಹೇರಿದ ಕೂಡಲೆ ಅದರ ಹೆಸರು ಬದಲಾಗುತ್ತದೆ. ನನ್ನ ಕಾಲಿಗೆ ಮೆರಿನೋ ಸಾಕೆಂದರೆ ಅದು ಮಿತವ್ಯಯ. ಕೇಳಲರಿಯದವರ ಕಾಲಿಗೆ ನಾನು ಹಾಗೆಂದರೆ ಅದು ಲೋಭ. ಬೇಡವೆನ್ನುವುದನ್ನು ಬಾಳಿನುದ್ದಕ್ಕೂ ಅಭ್ಯಾಸ ಮಾಡಿಕೊಂಡವರ ಬೇಡವನ್ನು ಅಕ್ಷರಶಃ ತೆಗೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ.

ಕೊಂಡ ಮೇಲೆಯೂ ಒಂದು ಕರ್ತವ್ಯ ಉಳಿಯುತ್ತದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಕುಕ್ಕಿದರೆ ಅದರ ಎಳೆಯ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಮೆಲ್ಲಗೆ ಅದ್ದಿ, ಹಿಂಡದೆ ಒತ್ತಿ, ನೆರಳಿನಲ್ಲಿ ಹರಡಬೇಕು. ಹಿಮ್ಮಡಿ ತೂತಾದರೆ ಸೂಜಿ ಹಿಡಿದು ಹೆಣೆಯಬೇಕು. ನಮ್ಮ ತಾಯಂದಿರು ಬಲ್ಲ ಈ ವಿದ್ಯೆ ಈಗ ಅಪರೂಪವಾಗುತ್ತಿದೆ. ದೂರದ ಬೆಟ್ಟದ ಮೇಲಿನ ಒಂದು ಪ್ರಾಣಿ ತನ್ನ ಚಳಿಗೆಂದು ಬೆಳೆದುಕೊಂಡದ್ದನ್ನು ನಾವು ನಮ್ಮ ಚಳಿಗೆಂದು ತಂದಿದ್ದೇವೆ. ಅದರ ಬೆಲೆಯನ್ನು ಅಂಗಡಿಯವನಿಗೆ ಒಂದೇ ಸಲ ಕೊಟ್ಟು ಮುಗಿಸಲಾಗುವುದಿಲ್ಲ. ಉಳಿದದ್ದನ್ನು ದಿನ ದಿನದ ಜೋಪಾನದಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತ ಹೋಗಬೇಕು.